ಸೆರೆಬ್ರಲ್ ಪಾಲ್ಸಿ ಇರುವವರ ಬೆನ್ನುಮೂಳೆ ಶಸ್ತ್ರಚಿಕಿತ್ಸೆ: ಮನೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ

ಕಾಸರಗೋಡು, ಮಂಜೇಶ್ವರದ ಕಡೆಯ ಅನೇಕ ಕುಟುಂಬಗಳು ದೊಡ್ಡ ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದರಿಂದ, ಹೊರಡುವ ಮುನ್ನ ಹಳೆಯ ಮತ್ತು ಹೊಸ ಎಕ್ಸ್‌ರೇಗಳನ್ನೂ ಔಷಧಿಗಳ ಪಟ್ಟಿಯನ್ನೂ ಒಂದೇ ಕಡತದಲ್ಲಿ ಸೇರಿಸಿಕೊಳ್ಳಬೇಕು. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಸ್ನಾಯುಗಳ ನಿಯಂತ್ರಣ ಕುಂದುವ ಸ್ಥಿತಿ) ಇರುವವರಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದುಂಟು; ಈ ಬಾಗು ಎಷ್ಟು ವೇಗವಾಗಿ ಹೆಚ್ಚುತ್ತಿದೆ ಎಂಬುದು ಎಕ್ಸ್‌ರೇಗಳ ಹೋಲಿಕೆಯಿಂದಲೇ ತಿಳಿಯುತ್ತದೆ. ಸಾಮಾನ್ಯವಾಗಿ ಬಾಗು 50 ಡಿಗ್ರಿ ದಾಟಿ ಹೆಚ್ಚುತ್ತಲೇ ಇದ್ದು, ಕುಳಿತುಕೊಳ್ಳುವುದು ಕಷ್ಟವಾದಾಗ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತಾರೆ. ನಡೆಯಲಾಗದ ಅನೇಕರಲ್ಲಿ, ಬೆನ್ನನ್ನು ನೇರವಾಗಿ ಹಿಡಿದಿಡುವ ರಾಡು, ಸ್ಕ್ರೂಗಳನ್ನು ಸೊಂಟದ ಮೂಳೆಯವರೆಗೂ ಅಳವಡಿಸಬೇಕಾಗುತ್ತದೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಸಿದ್ಧತೆ ಪೋಷಣೆಯದು. ತೂಕ ಕಡಿಮೆಯಿರುವವರಲ್ಲಿ ಗಾಯ ಮಾಯುವುದು ನಿಧಾನ, ಸೋಂಕಿನ ಅಪಾಯ ಹೆಚ್ಚು. ಆದ್ದರಿಂದ ರಕ್ತದ ಅಲ್ಬುಮಿನ್ (ಪೋಷಣೆಯ ಮಟ್ಟದ ಸುಳಿವು ಕೊಡುವ ಒಂದು ಪ್ರೋಟೀನ್) ಪರೀಕ್ಷೆ ಮಾಡಿಸಿ, ಗಂಜಿಯೊಂದನ್ನೇ ನೆಚ್ಚಿಕೊಳ್ಳದೆ, ನುಂಗಲು ಸುಲಭವಾದ ಪ್ರೋಟೀನ್‌ಯುಕ್ತ ಆಹಾರದ ಬಗ್ಗೆ ಆಹಾರತಜ್ಞರನ್ನು ಕೇಳಬೇಕು. ಊಟದ ವೇಳೆ ಪದೇ ಪದೇ ಕೆಮ್ಮು ಬಂದರೆ ಆಹಾರ ಶ್ವಾಸನಾಳಕ್ಕೆ ಸೇರುತ್ತಿರಬಹುದು, ಇದನ್ನು ತಪ್ಪದೆ ತಿಳಿಸಬೇಕು, ಏಕೆಂದರೆ ಶಸ್ತ್ರಚಿಕಿತ್ಸೆಯ ನಂತರ ನ್ಯುಮೋನಿಯಾ ನಿಜವಾದ ಅಪಾಯ. ಅಪಸ್ಮಾರಕ್ಕೆ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ, ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದಾದ್ದರಿಂದ, ವೈದ್ಯರಿಗೆ ಮೊದಲೇ ಹೇಳಬೇಕು, ಸ್ವತಃ ನಿಲ್ಲಿಸಬಾರದು.

ಈ ಶಸ್ತ್ರಚಿಕಿತ್ಸೆ ಸೆರೆಬ್ರಲ್ ಪಾಲ್ಸಿಯನ್ನು ಗುಣಪಡಿಸುವುದಿಲ್ಲ. ನೆಟ್ಟಗೆ ಕುಳಿತುಕೊಳ್ಳುವುದು, ನೋವು ಕಡಿಮೆಯಾಗುವುದು, ಆರೈಕೆ ಸುಲಭವಾಗುವುದು ಇದರ ಗುರಿ. ಮಾತನಾಡಲಾಗದ ಮಗು ನೋವನ್ನು ಹೇಗೆ ತೋರಿಸುತ್ತದೆ ಎಂಬುದನ್ನು ತಾಯಿಯೇ ಬರೆದು ದಾದಿಯರಿಗೆ ಕೊಡುವುದು ಬಹಳ ಉಪಯುಕ್ತ.

ಬೆನ್ನು ನೇರವಾದ ಮೇಲೆ ಕುಳಿತ ಎತ್ತರ ಬದಲಾಗುವುದರಿಂದ ಗಾಲಿಕುರ್ಚಿಯ ಆಸನ, ತಲೆಯಾಸರೆ ಮತ್ತು ಪಟ್ಟಿಗಳನ್ನು ಹೊಸದಾಗಿ ಹೊಂದಿಸಬೇಕು. ಎತ್ತಿ ಕೂರಿಸುವ ಸರಿಯಾದ ವಿಧಾನವನ್ನು ಮನೆಗೆ ಮರಳುವ ಮೊದಲೇ ಫಿಸಿಯೋಥೆರಪಿಸ್ಟ್ ಅವರಿಂದ ಮನೆಯ ಇಬ್ಬರಾದರೂ ಕಲಿತುಕೊಳ್ಳಬೇಕು.