ಮಗುವಿನ ಕಸ್ಟಡಿ ವ್ಯಾಜ್ಯದಲ್ಲಿ ಬೈಪೋಲಾರ್ ಕಾಯಿಲೆಯೇ ಆರೋಪವಾದಾಗ

ಬೈಪೋಲಾರ್ ಎಂದರೆ ಮನಸ್ಸು ಕೆಲಕಾಲ ಅತಿಯಾದ ಉತ್ಸಾಹಕ್ಕೂ ಕೆಲಕಾಲ ಆಳವಾದ ಖಿನ್ನತೆಗೂ ಜಾರುವ ಮಾನಸಿಕ ಕಾಯಿಲೆ. ಕೌಟುಂಬಿಕ ನ್ಯಾಯಾಲಯದಲ್ಲಿ ಎದುರು ಪಕ್ಷದವರು ಸಲ್ಲಿಸಿದ ತಕರಾರಿನಲ್ಲಿ ‘ಈಕೆಗೆ ಬೈಪೋಲಾರ್ ಇದೆ, ಮಗು ಸಾಕಲು ಯೋಗ್ಯಳಲ್ಲ’ ಎಂಬ ಸಾಲು ಕಂಡೊಡನೆ, ಗಾಬರಿಯಲ್ಲಿ ಕಾಯಿಲೆಯೇ ಇಲ್ಲವೆಂದು ಬರೆದುಕೊಡಬೇಡಿ. ಆಸ್ಪತ್ರೆಯ ಒಂದು ಚೀಟಿ ಹೊರಬಂದರೆ ಸಾಕು, ಆಮೇಲೆ ನೀವು ಹೇಳುವ ನಿಜಕ್ಕೂ ಬೆಲೆಯಿರುವುದಿಲ್ಲ. ಇನ್ನು ಕೆಲವರು ‘ನಾನು ಯಾವ ಮಾತ್ರೆಯನ್ನೂ ನುಂಗುತ್ತಿಲ್ಲ’ ಎಂದು ಹೇಳಿಕೊಳ್ಳುವ ಸಲುವಾಗಿ ಔಷಧಿಯನ್ನೇ ನಿಲ್ಲಿಸಿಬಿಡುತ್ತಾರೆ. ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಕಾನೂನು ಕಾಯಿಲೆಯ ಹೆಸರನ್ನಷ್ಟೇ ನೋಡಿ ತೀರ್ಮಾನಿಸುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ 13ನೇ ಕಲಂ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 3ನೇ ಕಲಂ, ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ಭಾವಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾಯಿಲೆಯ ಬಗ್ಗೆ ಹಾಜರುಪಡಿಸಿದ ಪುರಾವೆಯನ್ನು ನೀವು ಪ್ರಶ್ನಿಸಿದರೆ, ಅದೇ ಅಧಿನಿಯಮದ 105ನೇ ಕಲಂ ಅನ್ವಯ ನ್ಯಾಯಾಲಯವು ಅದನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪರಿಶೀಲನೆಗೆ ಕಳುಹಿಸಬೇಕು. ಖಾಸಗಿ ಸಂಗತಿ ಎಲ್ಲರ ಕಿವಿಗೆ ಬೀಳುವುದು ಬೇಡವೆನಿಸಿದರೆ ಗೋಪ್ಯ ವಿಚಾರಣೆಯನ್ನು ಕೇಳಿ.

ನಿಜವಾದ ಕೆಲಸವಿರುವುದು ಕಾಗದಪತ್ರಗಳಲ್ಲಿ. ಚಿಕಿತ್ಸೆಯ ದಾಖಲೆಗಳನ್ನು ಪಡೆಯುವ ಹಕ್ಕು ನಿಮಗಿದೆ. ವೈದ್ಯರಿಂದ ಬರೀ ‘ಆರೋಗ್ಯವಾಗಿದ್ದಾರೆ’ ಎಂಬ ಪತ್ರ ತರುವುದಕ್ಕಿಂತ, ಎಷ್ಟು ವರ್ಷಗಳಿಂದ ಚಿಕಿತ್ಸೆ ನಡೆದಿದೆ, ಕೊನೆಯ ಬಾರಿ ಕಾಯಿಲೆ ಉಲ್ಬಣಿಸಿದ್ದು ಯಾವಾಗ, ಔಷಧಿಯನ್ನು ಕ್ರಮವಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂಬುದನ್ನು ಬರೆಸಿ ತನ್ನಿ. ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಾದರೆ, ರಕ್ತದಲ್ಲಿ ಅದರ ಪ್ರಮಾಣ ತೋರಿಸುವ ಪರೀಕ್ಷೆಯ ವರದಿಗಳೇ ಸಾಕ್ಷಿ ಹೇಳುತ್ತವೆ. ಜೊತೆಗೆ ಶಾಲೆಯ ಡೈರಿಯಲ್ಲಿರುವ ನಿಮ್ಮ ಸಹಿ, ಲಸಿಕೆ ಕಾರ್ಡು, ಶುಲ್ಕದ ರಸೀದಿಗಳೂ ಇರಲಿ. ಹಿಂದೆ ಆಸ್ಪತ್ರೆಗೆ ಸೇರಿದ್ದರೆ ಮುಚ್ಚಿಡದೆ, ಆ ದಿನಗಳಲ್ಲಿ ಮಗುವನ್ನು ಯಾರು ನೋಡಿಕೊಂಡರೆಂದು ಹೇಳಿ.

ಹಲವರು ಮರೆಯುವ ಒಂದು ಹಾಳೆಯಿದೆ: ಕಾಯಿಲೆ ಮರುಕಳಿಸಿದರೆ ಏನು ಮಾಡಬೇಕೆಂಬ ಯೋಜನೆ. ‘ಸತತ ಎರಡು ರಾತ್ರಿ ನಿದ್ದೆಯಿಲ್ಲದಿದ್ದರೆ ಅಕ್ಕನಿಗೆ ಫೋನ್; ಮಗು ಅವಳ ಮನೆಗೆ; ಮರುದಿನವೇ ವೈದ್ಯರ ಭೇಟಿ’ ಎಂದು ಬರೆದು, ಅಕ್ಕನ ಒಪ್ಪಿಗೆಯ ಸಹಿಯನ್ನೂ ಹಾಕಿಸಿ. ಹತ್ತು ಪುಟದ ವಾದಕ್ಕಿಂತ ಈ ಮೂರು ಸಾಲು ಹೆಚ್ಚು ಕೆಲಸಕ್ಕೆ ಬರುತ್ತವೆಂದು ನನ್ನ ಅನಿಸಿಕೆ.

ಪಾಟೀ ಸವಾಲಿನಲ್ಲಿ ‘ಮಾತ್ರೆ ಬಿಟ್ಟರೆ ಏನಾಗುತ್ತದೆ?’ ಎಂದು ಕೆಣಕಿದರೆ, ‘ಕಾಯಿಲೆ ಮರುಕಳಿಸಬಹುದು, ಅದಕ್ಕೇ ಬಿಡುವುದಿಲ್ಲ’ ಎಂದಷ್ಟೇ ಉತ್ತರಿಸಿ ಸುಮ್ಮನಾಗಿ. ನ್ಯಾಯಾಧೀಶರು ಮಗುವನ್ನೂ ಮಾತನಾಡಿಸಬಹುದು. ಅದಕ್ಕೆ ಏನನ್ನೂ ಹೇಳಿಕೊಡಬೇಡಿ. ಅಮ್ಮ ರಾತ್ರಿ ನುಂಗುವ ಮಾತ್ರೆ ಯಾತಕ್ಕೆಂದು ಅದು ಕೇಳಿದರೆ ಮಾತ್ರ, ಅಜ್ಜಿಯ ಬಿಪಿ ಮಾತ್ರೆಯಂತೆಯೇ ಇದೂ ಒಂದು ಎಂದು ಮನೆಯಲ್ಲಿ ಸಹಜವಾಗಿ ತಿಳಿಸಿ.