ಇಂಗ್ಲೆಂಡಿನ ಫ್ಲಾಟ್‌ಗೆ ಲೀಸ್ ವಿಸ್ತರಣೆ: ಎಂಬತ್ತು ವರ್ಷದ ಗಡಿ ದಾಟುವ ಮೊದಲು

ಬೆಂಗಳೂರಿನಲ್ಲಿ ‘ಮನೆ ಲೀಸಿಗೆ ಹಾಕಿಕೊಂಡಿದ್ದೇವೆ’ ಎಂದರೆ ಕೆಲವು ಲಕ್ಷದ ಇಡುಗಂಟು ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಆ ಗಂಟನ್ನು ಹಿಂದಕ್ಕೆ ಪಡೆಯುವುದು ಎಂದರ್ಥ. ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ಫ್ಲಾಟ್ ಕೊಂಡ ಕನ್ನಡಿಗರು ಈ ಅರ್ಥವನ್ನು ಮೊದಲು ಮರೆಯಬೇಕು. ಅಲ್ಲಿ ಪೂರ್ತಿ ಬೆಲೆ ತೆತ್ತರೂ ಕೈಗೆ ಸಿಗುವುದು ಸಾಮಾನ್ಯವಾಗಿ 99 ಅಥವಾ 125 ವರ್ಷಗಳ ಲೀಸ್ ಮಾತ್ರ. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್‌ಗೆ ಸೇರಿರುತ್ತವೆ; ಅವಧಿ ಕರಗಿದಂತೆ ಫ್ಲಾಟಿನ ಬೆಲೆಯೂ ಕರಗುತ್ತದೆ.

ಆದ್ದರಿಂದ ಮೊದಲ ಕೆಲಸ ಲೀಸ್ ಪತ್ರವನ್ನು ತೆರೆದು ವರ್ಷ ಎಣಿಸುವುದು. ಪತ್ರ ಕೈಯಲ್ಲಿಲ್ಲದಿದ್ದರೆ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ ಎಂಬ ಸರ್ಕಾರಿ ಆಸ್ತಿ ನೋಂದಣಿ ಕಚೇರಿಯಿಂದ ಪ್ರತಿ ತರಿಸಿಕೊಳ್ಳಬಹುದು. ಅನೇಕರು ತಾವು ಫ್ಲಾಟ್ ಕೊಂಡ ದಿನದಿಂದ ಎಣಿಸಿ ಎಡವುತ್ತಾರೆ. ‘1982ರ ಮಾರ್ಚ್ 25ರಿಂದ 125 ವರ್ಷ’ ಎಂದು ಬರೆದಿದ್ದರೆ, ನೀವು 2015ರಲ್ಲಿ ಕೊಂಡಿರಿ, 2022ರಲ್ಲಿ ಕೊಂಡಿರಿ, ಅವಧಿ ಮುಗಿಯುವುದು 2107ರ ಮಾರ್ಚ್‌ನಲ್ಲಿಯೇ. ಉಳಿದ ಅವಧಿ 80 ವರ್ಷಕ್ಕಿಂತ ಕೆಳಗಿಳಿಯುವುದು 2027ರ ಮಾರ್ಚ್‌ನಲ್ಲಿ.

ಈ 80ರ ಗಡಿಯೇ ಇಡೀ ವ್ಯವಹಾರದ ಕೀಲಿ. 1993ರ ಕಾಯ್ದೆಯ ಪ್ರಕಾರ, 21 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದ ಲೀಸ್ ಹೊಂದಿದವರು ಉಳಿದ ಅವಧಿಗೆ ಇನ್ನೂ 90 ವರ್ಷ ಸೇರಿಸಿಕೊಳ್ಳುವ ಹಕ್ಕು ಪಡೆದಿದ್ದಾರೆ. ನೆಲಬಾಡಿಗೆ ‘ಪೆಪ್ಪರ್‌ಕಾರ್ನ್’ಗೆ, ಅಂದರೆ ಒಂದು ಕಾಳುಮೆಣಸಿಗೆ, ಇಳಿಯುತ್ತದೆ. (ಶಿರಸಿ ಕಡೆಯವರಿಗೆ ನಗು ಬರಬಹುದು, ಆ ಕಾಳನ್ನು ಯಾರೂ ವಸೂಲಿ ಮಾಡುವುದಿಲ್ಲ.) ಆದರೆ ಉಳಿದ ಅವಧಿ 80 ವರ್ಷಕ್ಕಿಂತ ಕಡಿಮೆಯಾದ ಕೂಡಲೇ, ವಿಸ್ತರಣೆಯಿಂದ ಏರುವ ಬೆಲೆಯಲ್ಲಿ ಫ್ರೀಹೋಲ್ಡರ್‌ನ ನಷ್ಟ ಕಳೆದು ಉಳಿಯುವುದರಲ್ಲಿ, ಅಂದರೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬುದರಲ್ಲಿ, ಅರ್ಧವನ್ನು ಫ್ರೀಹೋಲ್ಡರ್‌ಗೆ ಕೊಡಬೇಕಾಗುತ್ತದೆ.

ಅಂದಾಜಿಗೆ ಒಂದು ಲೆಕ್ಕ ನೋಡೋಣ. ದೀರ್ಘ ಲೀಸ್ ಇದ್ದರೆ 4,00,000 ಪೌಂಡ್ ಬಾಳುವ ಫ್ಲಾಟ್, ವರ್ಷಕ್ಕೆ 200 ಪೌಂಡ್ ನೆಲಬಾಡಿಗೆ, ಉಳಿದದ್ದು 81 ವರ್ಷ ಎಂದುಕೊಳ್ಳಿ. ಫ್ಲಾಟ್‌ಗಳಿಗೆ ರೂಢಿಯಲ್ಲಿರುವ ಶೇ 5ರ ಕಡಿತ ದರದಲ್ಲಿ ಫ್ರೀಹೋಲ್ಡರ್ ಕಳೆದುಕೊಳ್ಳುವ ಮರಳುಹಕ್ಕಿನ (ಲೀಸ್ ಮುಗಿದಾಗ ಫ್ಲಾಟನ್ನು ಹಿಂದಕ್ಕೆ ಪಡೆಯುವ ಹಕ್ಕಿನ) ಇಂದಿನ ಬೆಲೆ ಸುಮಾರು 7,700 ಪೌಂಡ್, ಶೇ 6ರಂತೆ ನೆಲಬಾಡಿಗೆಯ ನಷ್ಟ ಸುಮಾರು 3,300, ಹೀಗೆ ನೀವು ಕೊಡಬೇಕಾದದ್ದು ಒಟ್ಟು 11,000. ಅದೇ ಫ್ಲಾಟ್‌ಗೆ 79 ವರ್ಷ ಉಳಿದಿದ್ದು, ಈಗಿನ ಬೆಲೆ 3,76,000 ಎಂದಾದರೆ, ಮ್ಯಾರೇಜ್ ವ್ಯಾಲ್ಯೂವಿನ ಅರ್ಧ ಸೇರಿ ಮೊತ್ತ 18,000ದ ಹತ್ತಿರ ಹೋಗುತ್ತದೆ. ಎರಡು ವರ್ಷದ ಉದಾಸೀನಕ್ಕೆ ತೆರುವ ದಂಡ ಇದು.

ಮೊದಲು ಫ್ಲಾಟ್ ಕೊಂಡು ಎರಡು ವರ್ಷ ಕಾಯಬೇಕಿತ್ತು. 2025ರ ಜನವರಿ 31ರಿಂದ ಆ ನಿಯಮ ಹೋಗಿದೆ. 2024ರ ಹೊಸ ಕಾಯ್ದೆಯಲ್ಲಿ 990 ವರ್ಷಗಳ ವಿಸ್ತರಣೆಯೂ ಮ್ಯಾರೇಜ್ ವ್ಯಾಲ್ಯೂವಿನ ರದ್ದತಿಯೂ ಇವೆ. ಆದರೆ ಆ ಕಲಮುಗಳಿಗೆ ಪ್ರತ್ಯೇಕ ಜಾರಿ ಆದೇಶ ಬೇಕು. ಅದು ಬರುವವರೆಗೆ 1993ರ ಲೆಕ್ಕವೇ ಅನ್ವಯಿಸುತ್ತದೆ. ಉಳಿದ ಅವಧಿ 95 ವರ್ಷವಿದ್ದರೆ ಕಾಯಬಹುದು, 81 ಇದ್ದರೆ ಕಾಯುವುದು ಜೂಜು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಹೆಜ್ಜೆಯಾಗಿ, ಲೀಸ್ ವಿಸ್ತರಣೆಯಲ್ಲಿ ಪಳಗಿದ ಸರ್ವೇಯರ್ (ಬೆಲೆ ಕಟ್ಟುವವರು) ಮತ್ತು ಸಾಲಿಸಿಟರ್ (ವಕೀಲರು) ಇಬ್ಬರನ್ನೂ ಗೊತ್ತುಮಾಡಿಕೊಳ್ಳಿ. ಫ್ರೀಹೋಲ್ಡರ್‌ನ ನ್ಯಾಯಯುತ ವಕೀಲಿ ಮತ್ತು ಮೌಲ್ಯಮಾಪನ ವೆಚ್ಚವೂ ನಿಮ್ಮ ತಲೆಗೇ ಬರುವುದರಿಂದ ಅದನ್ನೂ ಎಣಿಕೆಗೆ ಸೇರಿಸಿ. ಸಾಲಿಸಿಟರ್ 1993ರ ಕಾಯ್ದೆಯ 42ನೇ ಕಲಮಿನ ನೋಟಿಸನ್ನು ಫ್ರೀಹೋಲ್ಡರ್‌ಗೆ ಕಳುಹಿಸುತ್ತಾರೆ. ನೀವು ಕೊಡಲು ಒಪ್ಪುವ ಮೊತ್ತವನ್ನು ಅದರಲ್ಲಿ ನಮೂದಿಸಬೇಕು. ನೋಟಿಸ್ ಕೊಟ್ಟ ದಿನವೇ ಮೌಲ್ಯಮಾಪನದ ದಿನವಾಗುವುದರಿಂದ, ಮಾತುಕತೆ ಎಷ್ಟು ಎಳೆದರೂ ನಿಮ್ಮ ವರ್ಷಗಳ ಎಣಿಕೆ ಅಲ್ಲಿಗೆ ನಿಲ್ಲುತ್ತದೆ. ಫ್ರೀಹೋಲ್ಡರ್ ಕೇಳಿದರೆ ಆ ಮೊತ್ತದ ಶೇ 10 ಅಥವಾ 250 ಪೌಂಡ್, ಇವೆರಡರಲ್ಲಿ ಹೆಚ್ಚಿನದನ್ನು, ಠೇವಣಿಯಾಗಿ ಕಟ್ಟಬೇಕು.

ಫ್ರೀಹೋಲ್ಡರ್‌ನ ಉತ್ತರಕ್ಕೆ ನೋಟಿಸಿನಲ್ಲಿ ಕನಿಷ್ಠ ಎರಡು ತಿಂಗಳ ಗಡುವು ಇರಬೇಕು. ಪ್ರತಿ-ನೋಟಿಸ್ ಬಂದು ಬೆಲೆ ಹೊಂದದಿದ್ದರೆ, ಅದು ಬಂದ ದಿನದಿಂದ ಎರಡು ತಿಂಗಳು ಕಳೆದ ಮೇಲೆ, ಆದರೆ ಅದೇ ದಿನದಿಂದ ಆರು ತಿಂಗಳೊಳಗೆ, ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಈ ಆರು ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿಕೊಳ್ಳಿ: ತಪ್ಪಿದರೆ ನೋಟಿಸ್ ಬಿದ್ದುಹೋಗುತ್ತದೆ, ಹೊಸದನ್ನು ಕೊಡಲು ಒಂದು ವರ್ಷ ಕಾಯಬೇಕು, ಆ ಹೊತ್ತಿಗೆ 80ರ ಗಡಿ ದಾಟಿರಬಹುದು.

ನೋಟಿಸ್‌ಗಿಂತ ಮೊದಲೇ ಫ್ರೀಹೋಲ್ಡರ್ ‘ಕಾಯ್ದೆ ಯಾಕೆ, ನಾವೇ ಮಾತಾಡಿಕೊಳ್ಳೋಣ’ ಎನ್ನುವುದುಂಟು. ಖರ್ಚು ಕಡಿಮೆಯಾಗಬಹುದು ನಿಜ. ಆದರೆ ಹಳೆಯ ಅವಧಿ ಮುಗಿಯುವವರೆಗೆ ನೆಲಬಾಡಿಗೆಯನ್ನು ಉಳಿಸಿಕೊಳ್ಳಲು ಇಂಥ ಒಪ್ಪಂದದಲ್ಲಿ ಅವಕಾಶವಿದೆ, ಆದ್ದರಿಂದ ಕರಡನ್ನು ಸಾಲಿಸಿಟರ್‌ಗೆ ತೋರಿಸದೆ ಒಪ್ಪಬೇಡಿ. ಸರ್ಕಾರಿ ನೆರವಿನ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಉಚಿತವಾಗಿ ಸಲಹೆ ಕೊಡುತ್ತದೆ.

ಹಣ ಪಾವತಿಯಾಗಿ ಹೊಸ ಲೀಸ್‌ಗೆ ಸಹಿ ಬಿದ್ದ ಮೇಲೆ ಅದನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ನೋಂದಣಿಯ ಪ್ರತಿ ಬಂದಾಗ ಹೊಸ ಅವಧಿಯ ಕೊನೆಯ ದಿನಾಂಕವನ್ನೂ ಗೃಹಸಾಲದ ಬ್ಯಾಂಕಿನ ಹೆಸರು ಸರಿಯಾಗಿ ಮುಂದುವರಿದಿದೆಯೇ ಎಂಬುದನ್ನೂ ನೀವೇ ಓದಿ ನೋಡಿ.