ಪಾತ್ರದ ಕೈಯಿಂದ ಮಚ್ಚು ಜಾರದಿರಲು
ಕಟ್‌ಔಟ್ ಅನಿಮೇಷನ್‌ನಲ್ಲಿ (ಪಾತ್ರದ ಕೈ, ಕಾಲು, ತಲೆಯನ್ನು ಬಿಡಿ ಚಿತ್ರಗಳಾಗಿ ಮಾಡಿ ಆಡಿಸುವ ವಿಧಾನ) ಪಾತ್ರ ಹಿಡಿಯುವ ವಸ್ತುವನ್ನು ಕೈಯ ಚಿತ್ರದೊಳಗೇ ಬರೆಯಬೇಡಿ. ಬೇರೆ ಲೇಯರ್ (ಚಿತ್ರದ ಪದರ) ಮಾಡಿ, ಕೈಯ ಪೆಗ್‌ಗೆ, ಅಂದರೆ ಕೈಯನ್ನು ಆಡಿಸುವ ನಿಯಂತ್ರಣಕ್ಕೆ ಜೋಡಿಸಿ, ಪಿವಟ್ ಅನ್ನು, ಅಂದರೆ ವಸ್ತು ತಿರುಗುವ ಬಿಂದುವನ್ನು ಹಿಡಿಕೆಯ ಮೇಲೆ ಇಡಿ. ಮಂಡ್ಯದ ಕಬ್ಬು ಕಡಿಯುವ ರೈತ ಅಂದುಕೊಳ್ಳಿ. ಲೇಯರ್‌ಗಳ ಕ್ರಮ ಹೀಗೆ: ಅಂಗೈ ಹಿಂದೆ, ಮಚ್ಚು ನಡುವೆ, ಬೆರಳು ಮುಂದೆ. ಕೈಯ ಚಲನೆಯೆಲ್ಲ ಮಚ್ಚಿಗೂ ಬರುವುದರಿಂದ ಪ್ರತಿ ಫ್ರೇಮ್‌ನಲ್ಲೂ ಸುಮ್ನೆ ಸರಿಪಡಿಸುತ್ತಾ ಕೂರಬೇಕಿಲ್ಲ. ಕೈ ಬದಲಾಯಿಸಬೇಕಾ? ಎರಡೂ ಕೈಗೆ ಒಂದೊಂದು ಮಚ್ಚು ಜೋಡಿಸಿಡಿ. ಒಂದು ಮರೆಯಾಗುವ ಫ್ರೇಮ್‌ನಲ್ಲೇ ಇನ್ನೊಂದು ಕಾಣಿಸಲಿ. ಎರಡು ಕೈಯಲ್ಲಿ ಹಿಡಿಯುವ ಗುದ್ದಲಿಗೆ ಮಾತ್ರ ಹೀಗೆ ಕೈಗೆ ಜೋಡಿಸುವುದು ಕೆಲಸ ಮಾಡುವುದಿಲ್ಲ. ಅಲ್ಲಿ ಮೊದಲು ಗುದ್ದಲಿಯನ್ನು ಆಡಿಸಿ, ಆಮೇಲೆ ಕೈಗಳನ್ನು ಅದಕ್ಕೆ ಹೊಂದಿಸಿ. ಇನ್ನೊಂದು, ಪಾತ್ರವನ್ನು ಫ್ಲಿಪ್ ಮಾಡಿದರೆ (ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದರೆ) ಅದು ಹಿಡಿದ ಕೈಚೀಲದ ಮೇಲಿನ ಕನ್ನಡ ಅಕ್ಷರಗಳೂ ಉಲ್ಟಾ ಆಗುತ್ತವೆ. ಅದಕ್ಕೆ ಬೇರೆ ಚಿತ್ರ ಬೇಕೇ ಬೇಕು.